ಪ್ರಶ್ನೋತ್ತರ: ಶಾಪರೋನ್ ಪ್ರೋಟೀನು ಏನನ್ನು ಹೇಳಿಕೊಡುತ್ತದೆ?

ಪ್ರಶ್ನೆ (ಪಿಯು ಉಪನ್ಯಾಸಕಿ, ಮಂಡ್ಯ): ಮೇಡಂ, ನಮಸ್ಕಾರ. ಅಮೈನೋ ಆಮ್ಲಗಳ ಸಾಲೇ ಪ್ರೋಟೀನಿನ ಆಕಾರವನ್ನು ತೀರ್ಮಾನಿಸುತ್ತದೆ ಎಂದು ಪಾಠ ಮಾಡಿದೆ. ಒಬ್ಬ ಹುಡುಗ ಎದ್ದು, "ಹಾಗಾದ್ರೆ ಬೇರೆ ಪ್ರೋಟೀನುಗಳು ಸರಿಯಾಗಿ ಮಡಿಚಿಕೊಳ್ಳಲು ನೆರವಾಗುವ ಶಾಪರೋನ್ ಪ್ರೋಟೀನು ಯಾಕೆ ಬೇಕು?" ಅಂದ. ಏನು ಹೇಳಲಿ?

ಉತ್ತರ (ಜೀವರಸಾಯನ ಸಂಶೋಧಕಿ, ಮೈಸೂರು): ಎಂಥ ಒಳ್ಳೆ ಪ್ರಶ್ನೆ! ನೀವು ಹೇಳಿದ್ದೂ ಸರಿಯೇ. ಅಮೆರಿಕದ ವಿಜ್ಞಾನಿ ಆನ್‌ಫಿನ್ಸೆನ್ ಅವರು ರೈಬೋನ್ಯೂಕ್ಲಿಯೇಸ್ ಕಿಣ್ವವನ್ನು ಪೂರ್ತಿ ಬಿಚ್ಚಿದರು. ಬಿಚ್ಚಿದ್ದು ತಾನಾಗಿಯೇ ಮತ್ತೆ ಮಡಿಚಿಕೊಂಡಿತು. ಈ ಕೆಲಸಕ್ಕೆ 1972ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅದು ಗಾಜಿನ ನಳಿಕೆಯ ತೆಳು ದ್ರಾವಣ. ಜೀವಕೋಶದೊಳಗೆ ಪ್ರೋಟೀನುಗಳು ಕಿಕ್ಕಿರಿದಿರುತ್ತವೆ. ನೀರು ಕಂಡರೆ ಆಗದ ಭಾಗಗಳು ಒಳಗೆ ಸೇರಿಕೊಳ್ಳುವ ಮುಂಚೆಯೇ ಪಕ್ಕದ ಪ್ರೋಟೀನಿನ ಅಂಥದೇ ಭಾಗಕ್ಕೆ ಅಂಟಿದರೆ, ಅಲ್ಲಿಗೆ ಕೆಲಸ ಕೆಟ್ಟಿತು. ಶಾಪರೋನ್ ಆಕಾರ ಹೇಳಿಕೊಡುವುದಿಲ್ಲ, ಹೀಗೆ ಅಂಟದಂತೆ ಕಾಯುತ್ತದೆ.

ಹೇಗೆ ಅನ್ನೋದು ಅದರ ರಚನೆಯಲ್ಲೇ ಕಾಣುತ್ತದೆ. ಇ. ಕೊಲೈ ಬ್ಯಾಕ್ಟೀರಿಯಾದ ಗ್ರೋಇಎಲ್ ಎಂಬ ಶಾಪರೋನ್ ತೆಗೆದುಕೊಳ್ಳಿ. 7 ಘಟಕಗಳ ಒಂದು ಉಂಗುರ, ಅಂಥ ಎರಡು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಪ್ರತಿ ಉಂಗುರದೊಳಗೂ ಒಂದು ಪೊಳ್ಳು. ಅದರ ಬಾಯಿಯ ಸುತ್ತ ನೀರಿಗೆ ಆಗದ ಅಂಚು. ಅರ್ಧಂಬರ್ಧ ಮಡಿಚಿದ ಪ್ರೋಟೀನು ಬಂದು ಅಲ್ಲಿಗೆ ಹತ್ತಿಕೊಳ್ಳುತ್ತದೆ. ಆಗ ಜೀವಕೋಶಕ್ಕೆ ಶಕ್ತಿ ಕೊಡುವ ಅಣು ಎಟಿಪಿ ಬರುತ್ತದೆ, ಗ್ರೋಇಎಸ್ ಎಂಬ ಮುಚ್ಚಳ ಕೂರುತ್ತದೆ. ಅಂಚಿನ ಭಾಗಗಳು ಮೇಲೆದ್ದು ತಿರುಗುತ್ತವೆ. ಪ್ರೋಟೀನು ಹಿಡಿದಿದ್ದ ಮೈ ಪಕ್ಕಕ್ಕೆ ಹೋಗಿ, ನೀರಿಗೆ ಒಗ್ಗುವ ಮೈ ಒಳಗಡೆ ಬರುತ್ತದೆ. ಪೊಳ್ಳಿನ ಜಾಗ ಸುಮಾರು ಎರಡರಷ್ಟಾಗುತ್ತದೆ. ಪ್ರೋಟೀನು ಹಿಡಿತ ತಪ್ಪಿ ಒಳಗೆ ಬೀಳುತ್ತದೆ. ಅಂಟಿಕೊಳ್ಳಲು ಅಕ್ಕಪಕ್ಕ ಯಾರೂ ಇಲ್ಲ! ಸುಮಾರು 10 ಸೆಕೆಂಡು ಒಂಟಿಯಾಗಿ ಮಡಿಚಿಕೊಳ್ಳಲು ಅವಕಾಶ. ಆಮೇಲೆ ಮುಚ್ಚಳ ತೆರೆಯುತ್ತದೆ. ಮಡಿಚಿಕೊಳ್ಳುವುದು ಮುಗಿದಿಲ್ಲ ಅಂದ್ರೆ ಮತ್ತೆ ಒಳಗೆ.

ನನಗೆ ತುಂಬಾ ಇಷ್ಟವಾಗುವುದು ಈ ಒಳಗೋಡೆ ಬದಲಾಗೋ ರೀತಿ. ಹಿಡಿಯೋದು, ಬಿಡೋದು ಎರಡನ್ನೂ ಒಂದೇ ಗೋಡೆ ಮಾಡುತ್ತದೆ. ಅಂದಹಾಗೆ, ಸುಮಾರು 60 ಸಾವಿರ ಡಾಲ್ಟನ್‌ಗಿಂತ (ಡಾಲ್ಟನ್ ಅಂದ್ರೆ ಅಣುವಿನ ತೂಕದ ಅಳತೆ) ದೊಡ್ಡ ಪ್ರೋಟೀನು ಆ ಪೊಳ್ಳಿನಲ್ಲಿ ಹಿಡಿಸುವುದಿಲ್ಲ.

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿ, ಮೈಸೂರು): ಮೇಡಂ, ಹಾಗಾದ್ರೆ ಬೆಂದ ಮೊಟ್ಟೆಗೆ ಗ್ರೋಇಎಲ್ ಹಾಕಿದರೆ ಬಿಳಿ ಮತ್ತೆ ತೆಳ್ಳಗಾಗುತ್ತಾ?

ಉತ್ತರ: ಇಲ್ಲಪ್ಪ. ಅಲ್ಲಿ ಆಗಲೇ ಎಲ್ಲಾ ಒಂದಕ್ಕೊಂದು ಅಂಟಿ ಗಂಟಾಗಿದೆ. ಗ್ರೋಇಎಲ್ ಹಿಡಿಯೋದು ಬಿಡಿ ಪ್ರೋಟೀನನ್ನು. ಜೀವಕೋಶದಲ್ಲಿ ಗಂಟು ಬಿಡಿಸೋಕೆ ಎಚ್‌ಎಸ್‌ಪಿ100 ಅನ್ನೋ ಬೇರೆ ಶಾಪರೋನ್ ಗುಂಪಿದೆ. 6 ಘಟಕಗಳ ಉಂಗುರ. ನಡುವಿನ ತೂತಿನಿಂದ ಪ್ರೋಟೀನಿನ ಎಳೆಯನ್ನು ಎಳೆದು ಹೊರಗೆ ತೆಗೆಯುತ್ತದೆ, ಅದಕ್ಕೂ ಎಟಿಪಿ ಬೇಕು. ಗಿಡಗಳಲ್ಲಿ ಇದೇ ಗುಂಪಿನ ಎಚ್‌ಎಸ್‌ಪಿ101 ಇದೆ. ಬಿಸಿಲು ಏರಿದಾಗ ನಮ್ಮ ಬೇಸಿಗೆ ಭತ್ತವೂ ಇದನ್ನು ಜಾಸ್ತಿ ಮಾಡಿಕೊಳ್ಳುತ್ತದೆ.

ಪ್ರಶ್ನೆ (ಮಂಡ್ಯ): ಧನ್ಯವಾದ ಮೇಡಂ. ತರಗತಿಯಲ್ಲಿ ತೋರಿಸೋಕೆ ಚಿತ್ರ ಸಿಗುತ್ತಾ?

ಉತ್ತರ: ಸಿಗುತ್ತೆ. ಪ್ರೋಟೀನ್ ರಚನೆಗಳ ಅಂತರ್ಜಾಲ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 1ಎಓಎನ್ (1AON) ಅಂತ ಹುಡುಕಿ, ದುಡ್ಡು ಕೊಡಬೇಕಿಲ್ಲ. ಮುಚ್ಚಳ ಹಾಕಿದ ಗ್ರೋಇಎಲ್ ಬರುತ್ತದೆ, 1997ರಲ್ಲಿ ಪ್ರಕಟವಾದ ರಚನೆ. ಒಂದು ಉಂಗುರಕ್ಕೆ ಮುಚ್ಚಳ ಇದೆ, ಇನ್ನೊಂದು ತೆರೆದಿದೆ. ಎರಡರ ಪೊಳ್ಳು ಎಷ್ಟು ಬೇರೆ ಅಂತ ಆ ಹುಡುಗನ ಕೈಯಲ್ಲೇ ತಿರುಗಿಸಿ ನೋಡಿಸಿ.