ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮೇಲೂ ಕೇಸ್ ಹಾಕಬಹುದಾ?

ಅಮ್ಮನಿಗೆ ಆಪರೇಷನ್ ಆಗಿ ಮೂರು ತಿಂಗಳಾದರೂ ಹೊಟ್ಟೆನೋವು ಹೋಗಿರಲಿಲ್ಲ. ಬೇರೆ ಕಡೆ ಸ್ಕ್ಯಾನ್ ಮಾಡಿಸಿದರೆ ಒಳಗೆ ರಕ್ತ ಒರೆಸೋ ಗಾಜ್ ಬಟ್ಟೆ! ಮತ್ತೆ ಹೊಟ್ಟೆ ಕೊಯ್ದು ತೆಗೆದರು. ಮೊದಲಿನ ಆಸ್ಪತ್ರೆಯವರು ಮಾತ್ರ 'ನೀವೇ ಸಹಿ ಹಾಕಿದ್ದೀರಲ್ವಾ' ಅಂತಾರೆ. ಹಾಕಿದ್ದೇನೆ, ಅದೂ ಓದದೆ. ಇನ್ನು ಏನೂ ಮಾಡೋಕಾಗಲ್ವಾ?

ಉತ್ತರ 1:
ಸುಮ್ನೆ ಹೆದರಿಸ್ತಿದ್ದಾರೆ. ನೀವು ಸಹಿ ಹಾಕಿದ್ದು ಆಪರೇಷನ್ನಿಗೆ ಮತ್ತು ಎಷ್ಟೇ ಎಚ್ಚರ ವಹಿಸಿದರೂ ಬರಬಹುದಾದ ತೊಂದರೆಗಳಿಗೆ, ಅವರ ಅಜಾಗರೂಕತೆಗಲ್ಲ. ಹೊಲಿಗೆ ಹಾಕುವ ಮೊದಲು ಗಾಜ್, ಸೂಜಿ ಎಲ್ಲ ಎಣಿಸಿ ಬರೆದಿಡಬೇಕು. ಆ ಎಣಿಕೆ ಹಾಳೆ, ಕೇಸ್ ಶೀಟ್, ಆಪರೇಷನ್ ನೋಟ್ಸ್, ಎಲ್ಲದರ ನಕಲು ಬರವಣಿಗೆಯಲ್ಲೇ ಕೇಳಿ.

ಉತ್ತರ 2:
ಒಂದು ಮಾತು. ಚಿಕಿತ್ಸೆ ಫಲಿಸದಿದ್ದರೆ ಅದೆಲ್ಲ ನಿರ್ಲಕ್ಷ್ಯ ಆಗಲ್ಲ. ನಮ್ಮ ಕೋರ್ಟುಗಳೂ ಒಪ್ಪಿಕೊಂಡಿರುವ 1957ರ ಇಂಗ್ಲೆಂಡಿನ ಬೋಲಮ್ ತೀರ್ಪಿನ ಪ್ರಕಾರ, ಅದೇ ಕ್ಷೇತ್ರದ ಜವಾಬ್ದಾರಿಯುತ ವೈದ್ಯರು ಒಪ್ಪುವ ರೀತಿಯಲ್ಲಿ ನಡೆದುಕೊಂಡಿದ್ದರೆ ತಪ್ಪಿಲ್ಲ. ಆದರೆ ಬಟ್ಟೆ ಒಳಗೆ ಬಿಡೋದನ್ನು ಯಾವ ವೈದ್ಯರು ಒಪ್ಪುತ್ತಾರೆ ಹೇಳಿ! ದೂರಿಗೆ ಕಾಲಮಿತಿ ಇರುತ್ತೆ, ಬೇಗ ವಕೀಲರನ್ನು ನೋಡಿ.

ಪ್ರಶ್ನೆ ಕೇಳಿದವರು:
ಇವತ್ತು ಅರ್ಜಿ ಕೊಟ್ಟೆ. ಎಣಿಕೆ ಹಾಳೆ 'ಹುಡುಕಬೇಕು' ಅಂದರು.

ಉತ್ತರ 1:
ಅರ್ಜಿಯ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಂಡಿರಾ? ಇಲ್ಲ ಅಂದರೆ ನಾಳೆನೇ ಹೋಗಿ. ಎರಡನೇ ಆಪರೇಷನ್ ಮಾಡಿದ ವೈದ್ಯರ ವರದಿಯನ್ನೂ ಮರೆಯಬೇಡಿ, ಬಟ್ಟೆ ಸಿಕ್ಕಿದ್ದು ಅದರಲ್ಲೇ ಇರುತ್ತೆ.