ಜಪಾನಿನ ಅಕಿತಾ ಅಮೆರಿಕಕ್ಕೆ ಬಂದಿದ್ದು ಹೇಗೆ?

ಪ್ರಶ್ನೆ: ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಬಂದಿದ್ದೇನೆ. ಪಕ್ಕದ ಮನೆಯಲ್ಲಿ ಕರಡಿಮರಿಯಂಥ ನಾಯಿ. ಬಾಲ ಚಕ್ಕುಲಿ ಸುತ್ತಿದ ಹಾಗೆ ಬೆನ್ನ ಮೇಲೆ ಕೂತಿದೆ. ಜಪಾನಿನ ಅಕಿತಾ ಅಂತೆ. ಇಲ್ಲಿಗೆ ಹೇಗೆ ಬಂತು?

ಉತ್ತರ 1: ಕಣ್ಣು ಕಾಣದ, ಕಿವಿ ಕೇಳದ ಅಮೆರಿಕನ್ ಲೇಖಕಿ ಹೆಲೆನ್ ಕೆಲರ್ ತಂದಿದ್ದು ಮೇಡಂ. 1937ರ ಜಪಾನ್ ಪ್ರವಾಸದಲ್ಲಿ ಅವರಿಗೆ ಕಾಮಿಕಾಜೆ ಅನ್ನೋ ಮರಿ ಉಡುಗೊರೆಯಾಗಿ ಸಿಕ್ಕಿತು. ಪಾಪ, ಡಿಸ್ಟೆಂಪರ್ ಅನ್ನೋ ನಾಯಿಗಳ ಅಂಟುರೋಗ ಬಂದು ಬೇಗ ಸತ್ತಿತು. 1939ರಲ್ಲಿ ಅದರ ಒಡಹುಟ್ಟು ಕೆಂಜಾನ್‌ನನ್ನು ಜಪಾನಿನಿಂದ ಕಳಿಸಿಕೊಟ್ಟರು.

ಉತ್ತರ 2: ಕತೆ ಚೆನ್ನಾಗಿದೆ, ಆದರೆ ಎರಡು ನಾಯಿಯಿಂದ ತಳಿ ಬೆಳೆಯುತ್ತಾ? ನಿಜವಾಗಿ ಬೇರೂರಿದ್ದು ಎರಡನೇ ಮಹಾಯುದ್ಧದ ನಂತರ. ಜಪಾನಿನಲ್ಲಿದ್ದ ಅಮೆರಿಕನ್ ಸೈನಿಕರು ಊರಿಗೆ ಹೊರಟಾಗ ಜೊತೆಗೆ ಅಕಿತಾಗಳನ್ನೂ ತಂದರು. ಅವರಿಗೆ ದಪ್ಪ ತಲೆ, ಭಾರೀ ಮೈಯ ನಾಯಿಗಳೇ ಜಾಸ್ತಿ ಇಷ್ಟ. 1972ರಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ ಅಕಿತಾಗೆ ಮನ್ನಣೆ ಕೊಟ್ಟಿತು. 1974ರಲ್ಲಿ ಜಪಾನಿನಿಂದ ಬರುವ ಹೊಸ ನಾಯಿಗಳ ನೋಂದಣಿ ನಿಲ್ಲಿಸಿತು, ಮತ್ತೆ ತೆರೆದಿದ್ದು 1992ರಲ್ಲಿ. ಅತ್ತ ಜಪಾನಿನವರಿಗೆ ನರಿಮುಖದ ಹಗುರ ಅಕಿತಾನೇ ಬೇಕು. ಹೀಗೆ ಒಂದೇ ಹೆಸರಲ್ಲಿ ಎರಡು ಬಗೆಯ ನಾಯಿ. ಮುಖ ಕಪ್ಪಗಿದೆಯಾ ನೋಡಿ, ಇದ್ದರೆ ಅಮೆರಿಕದ ಬಗೆಯದು; ಜಪಾನಿನವರು ಕಪ್ಪು ಮುಖವನ್ನು ಒಪ್ಪಲ್ಲ.

ಕೇಳಿದವರು: ಕಪ್ಪೇ! ಇದ್ದಿಲ ಮೂಟೆಗೆ ಮೂತಿ ಹಾಕಿ ಬಂದ ಹಾಗಿದೆ.