ಕಾಡಾನೆ ವಿರುದ್ಧದ ಪ್ರತಿಭಟನೆಗೆ ಕೋವಿ ಹಿಡಿದು ಹೋಗುವುದು ಸರಿಯೇ?

ತಿತಿಮತಿ ಬೆಳೆಗಾರ:
ಕಾಡಾನೆ ಹಾವಳಿ ವಿರುದ್ಧ ಕೊಡಗಿನ ನಮ್ಮ ತಿತಿಮತಿ ಕಡೆ ಪ್ರತಿಭಟನೆ ನಿಗದಿಯಾಗಿದೆ. ಸುಮಾರು 300 ಜನ ಸೇರಬಹುದು. ಸಭೆಯಲ್ಲಿ ಮೂರು ಸಲಹೆ ಬಂತು: ಕೋವಿ ಹಿಡಿದು ಮೆರವಣಿಗೆ ಹೋಗುವುದು, ತಿತಿಮತಿಯಲ್ಲಿ ರಸ್ತೆ ತಡೆಯುವುದು, ಹಿರಿಯ ಅಧಿಕಾರಿ ಬರುವ ತನಕ ಅರಣ್ಯ ಇಲಾಖೆಯ ಜೀಪನ್ನು ಬಿಡದಿರುವುದು. ಮನವಿ ಕೊಟ್ಟು ಕೊಟ್ಟು ಸಾಕಾಗಿದೆ, ಬಿಸಿ ಮುಟ್ಟಿಸದೆ ಯಾರೂ ಕದಲುವುದಿಲ್ಲ ಅನ್ನುವವರೇ ಹೆಚ್ಚು. ಇದರಲ್ಲಿ ಯಾವುದು ನ್ಯಾಯ, ಯಾವುದು ಹಿಂಸೆ? ತಿಳಿದವರು ಬಿಡಿಸಿ ಹೇಳಿ.

ವಿರಾಜಪೇಟೆ ವಕೀಲ:
ಮೊದಲು ಕೋವಿಯ ವಿಷಯ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಇರುವುದು ಲೈಸೆನ್ಸಿನ ವಿನಾಯಿತಿ, ಅಷ್ಟೇ. ಪ್ರತಿಭಟಿಸುವ ಹಕ್ಕು ಬರುವುದು ಸಂವಿಧಾನದ 19(1)(ಬಿ) ವಿಧಿಯಿಂದ. ಶಾಂತಿಯಿಂದ, ಆಯುಧವಿಲ್ಲದೆ ಸೇರುವವರಿಗೆ ಮಾತ್ರ ಅದು ಆ ಹಕ್ಕು ಕೊಡುತ್ತದೆ. ಕೋವಿ ಹೆಗಲೇರಿದರೆ ಆ ರಕ್ಷಣೆ ಹೋಯಿತು.

ಐದು ಜನಕ್ಕಿಂತ ಕಡಿಮೆಯಿಲ್ಲದ ಗುಂಪು ಅಕ್ರಮ ಕೂಟ ಎನಿಸಿಕೊಂಡರೆ, ಮಾರಕ ಆಯುಧ ಹಿಡಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 189(4)ರಡಿ 2 ವರ್ಷದವರೆಗೆ ಶಿಕ್ಷೆ. ಆಯುಧ ಹಿಡಿದೇ ಗಲಭೆ ಮಾಡಿದರೆ 191(3)ರಡಿ 5 ವರ್ಷದವರೆಗೆ. ಸಭೆಯಲ್ಲಿ ಗಟ್ಟಿಯಾಗಿ ಓದಬೇಕಾದದ್ದು 190ನೇ ಕಲಂ. ಗುಂಪಿನ ಸಮಾನ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಜೊತೆಗಿದ್ದ ಪ್ರತಿಯೊಬ್ಬನೂ ಹೊಣೆ. ಕಲ್ಲು ಮುಟ್ಟದೆ ಹಿಂದೆ ನಿಂತಿದ್ದ ಅಜ್ಜನ ಹೆಸರೂ ಎಫ್‌ಐಆರ್‌ಗೆ ಬರುತ್ತದೆ. ಸರ್ಕಾರಿ ಜೀಪಿಗೆ ಬೆಂಕಿ ಬಿದ್ದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯಡಿ ಕನಿಷ್ಠ 1 ವರ್ಷ, ಹೆಚ್ಚೆಂದರೆ 10 ವರ್ಷ.

ಕಾಫಿ ಕಣ:
ಕಾನೂನು ಬದಿಗಿಡಿ, ನ್ಯಾಯದ ಲೆಕ್ಕದಲ್ಲೇ ನೋಡಿ. ಆ ಜೀಪಿನಲ್ಲಿ ಯಾರು ಕೂತಿರುತ್ತಾರೆ? ಗುತ್ತಿಗೆಯ ಡ್ರೈವರ್, ರಾತ್ರಿಯಿಡೀ ಪಟಾಕಿ, ಟಾರ್ಚ್ ಹಿಡಿದು ಆನೆ ಓಡಿಸುವ ದಿನಗೂಲಿ ವಾಚರ್. ಬೇಲಿಗೆ ಹಣ ಮಂಜೂರು ಮಾಡುವುದಾಗಲಿ, ಸಲಗ ಹಿಡಿಯಲು ಅನುಮತಿ ಕೊಡುವುದಾಗಲಿ ಅವರ ಕೈಯಲ್ಲಿಲ್ಲ. ನಾವು ಎಸೆದ ಕಲ್ಲು ಬೀಳುವುದು ಅವರ ತಲೆಗೆ. ಮಾರನೇ ರಾತ್ರಿ ತೋಟಕ್ಕೆ ಆನೆ ಬಂದರೆ ಫೋನ್ ಮಾಡುವುದೂ ಅವರಿಗೇ.

ಇನ್ನೊಂದು ವಿಷಯವನ್ನು ನಾವು ಬೆಳೆಗಾರರು ಮರೆಯುತ್ತೇವೆ. ಆನೆ ತುಳಿತಕ್ಕೆ ಸಾಯುವವರಲ್ಲಿ ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುವ ಕಾರ್ಮಿಕರೇ ಹೆಚ್ಚು. ಯರವ ಆದಿವಾಸಿಗಳ ಹಾಡಿಯವರ ಕೈಯಲ್ಲಿ, ಅಸ್ಸಾಂನಿಂದ ಬಂದವರ ಕೈಯಲ್ಲಿ ಕೋವಿ ಇಲ್ಲ. ಕೋವಿಯ ಮೆರವಣಿಗೆಯಲ್ಲಿ ಅವರು ಎಲ್ಲಿ ನಿಲ್ಲಬೇಕು? ಸಂಕಟ ಯಾರದ್ದೋ ಅವರನ್ನೇ ಹಿಂದಕ್ಕೆ ತಳ್ಳುವ ಪ್ರತಿಭಟನೆ ನನಗೆ ನ್ಯಾಯ ಅನಿಸುವುದಿಲ್ಲ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಹೂವಿಟ್ಟು ಪೂಜಿಸುವ ಕೋವಿಯನ್ನು ಬೆದರಿಕೆಗೆ ಬಳಸುವುದಂತೂ ಬೇಡವೇ ಬೇಡ.

ಗಡಿ ಗ್ರಾಮ:
ಒಪ್ಪುವುದು ಕಷ್ಟ. ಇದೇ ಮಡಿಕೇರಿ ಕೋಟೆಯ ಬಳಿ 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದರು. ಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂದ ಕಂಪನಿ ಸರ್ಕಾರದ ವಿರುದ್ಧ ಆಯುಧ ಹಿಡಿದವರನ್ನು ಇವತ್ತು ವೀರರು ಅನ್ನುತ್ತೇವೆ. ನಮಗೆ ಮಾತ್ರ ಮನವಿ ಪತ್ರವೇ?

ಕಾಫಿ ಕಣ:
ನಿಮ್ಮ ಸಿಟ್ಟು ಸುಳ್ಳಲ್ಲ. ಆದರೆ ಅವರಿಗೆ ಮತ ಇರಲಿಲ್ಲ, ರಿಟ್ ಅರ್ಜಿ ಇರಲಿಲ್ಲ, ಕಂಪನಿಯನ್ನು ಕೇಳುವ ಬೇರೆ ದಾರಿಯೇ ಇರಲಿಲ್ಲ. ನಮ್ಮ ದಾರಿಗಳು ನಿಧಾನ, ಹಲವು ಸಲ ಅವಮಾನಕರ, ಆದರೂ ಮುಚ್ಚಿಲ್ಲ. ಶಿವಮೊಗ್ಗ ಜಿಲ್ಲೆಯ ಈಸೂರನ್ನೂ ನೆನೆಯಿರಿ. 1942ರಲ್ಲಿ ಊರೇ ಸ್ವತಂತ್ರವೆಂದು ಸಾರಿಕೊಂಡಿತ್ತು. ಘರ್ಷಣೆಯಲ್ಲಿ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಸತ್ತ ಮೇಲೆ ಜನ ಕಾಡು ಸೇರಬೇಕಾಯಿತು, 1943ರ ಮಾರ್ಚ್‌ನಲ್ಲಿ ಐವರಿಗೆ ಗಲ್ಲಾಯಿತು. ಅವರ ತ್ಯಾಗ ದೊಡ್ಡದು. ಅಂಥ ಬೆಲೆಯನ್ನು ಆನೆ ತಡೆಯುವ ಸೋಲಾರ್ ಬೇಲಿಗಾಗಿ, ರೈಲ್ವೆ ಹಳಿಯ ತಡೆಗೋಡೆಗಾಗಿ ಇಪ್ಪತ್ತರ ಹುಡುಗರಿಂದ ಕೇಳುವ ಹಕ್ಕು ಸಭೆಯಲ್ಲಿ ಕೂತ ಹಿರಿಯರಿಗಿಲ್ಲ.

ವಿರಾಜಪೇಟೆ ವಕೀಲ:
ರಸ್ತೆ ತಡೆಗೆ ತಿತಿಮತಿ ಬೇಡ. ಅಲ್ಲಿಂದ ಆನೆಚೌಕೂರಿನವರೆಗೆ ಕಾಡು, ಪಕ್ಕಕ್ಕೆ ತಿರುಗಿಸಲು ದಾರಿಯಿಲ್ಲ. ಗೋಣಿಕೊಪ್ಪ ಕಡೆಯಿಂದ ಮೈಸೂರಿಗೆ ಹೊರಟ ಆಂಬುಲೆನ್ಸ್ ಸಿಕ್ಕಿಬಿದ್ದರೆ ರೋಗಿಯ ಜೀವಕ್ಕೆ ನೀವೇ ಉತ್ತರ ಹೇಳಬೇಕು. ಕಚೇರಿ ಮುಂದೆ ಧರಣಿ ಕೂರಿ, ರಸ್ತೆಯ ಒಂದು ಬದಿ ಪೂರ್ತಿ ಖಾಲಿ ಬಿಡಿ.

ಪೊಲೀಸರಿಗೆ ಲಿಖಿತವಾಗಿ ತಿಳಿಸಿ: ದಿನ, ಸಮಯ, ದಾರಿ, ಅಂದಾಜು ಜನ, ಇಬ್ಬರು ಸಂಘಟಕರ ಫೋನ್ ನಂಬರ್. ಸಹಿ ಮುದ್ರೆ ಇರುವ ಪ್ರತಿ ಕೈಯಲ್ಲಿರಲಿ. 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಲ್ಲಿ ಪೊಲೀಸರೊಂದಿಗೆ ಕೂತು ದಾರಿ ಗೊತ್ತುಮಾಡುವುದು, ಚಾಕು, ಲಾಠಿಯನ್ನೂ ತಾರದಿರುವುದು, ಮುಖ್ಯ ಕೂಡುರಸ್ತೆಗಳಲ್ಲಿ ಸ್ವಯಂಸೇವಕರನ್ನು ನಿಲ್ಲಿಸುವುದು, ವಿಡಿಯೋ ಚಿತ್ರೀಕರಣ ಎಲ್ಲವೂ ಇದೆ. 300 ಜನಕ್ಕೆ 15 ಸ್ವಯಂಸೇವಕರು ಬೇಕು, ತೋಳಿಗೆ ಒಂದೇ ಬಣ್ಣದ ಪಟ್ಟಿ ಕಟ್ಟಿ. ಕುಡಿದು ಬಂದವರನ್ನು ಮೊದಲೇ ಮನೆಗೆ ಕಳಿಸಿ.

ಹೆಚ್ಚಾಗಿ ಎಡವಟ್ಟಾಗುವುದು ಮಧ್ಯಾಹ್ನದ ಮೇಲೆ. ಬರುತ್ತೇನೆಂದ ಅಧಿಕಾರಿ ಬರುವುದಿಲ್ಲ, ಹೊಟ್ಟೆ ಹಸಿದಿರುತ್ತದೆ, ಮೈಕು ಯಾರದೋ ಕೈ ಸೇರುತ್ತದೆ. ಊಟ, ನೀರು ಮುಂಚೆಯೇ ತರಿಸಿ, ಮೈಕು ಒಬ್ಬರ ಕೈಯಲ್ಲೇ ಇರಲಿ. ಒಂದು ಕಲ್ಲು ಹಾರಿದರೂ ಎಲ್ಲರೂ ತಕ್ಷಣ ನೆಲಕ್ಕೆ ಕೂರಬೇಕೆಂದು ಬೆಳಿಗ್ಗೆಯೇ ಹೇಳಿಡಿ. 300 ಜನ ಕೂತಾಗ ನಿಂತವನು ಯಾರೆಂದು ಕ್ಯಾಮೆರಾಗೂ ಕಾಣುತ್ತದೆ, ಪೊಲೀಸರಿಗೂ ಕಾಣುತ್ತದೆ.